ಸೇರದ ಮನುಷ್ಯ

ನಮ್ಮ ಕಾಲೇಜಿನಲ್ಲಿ ಎಲ್ಲರ ವ್ಯಕ್ತಿತ್ವ ಅಳೆದರು, ನನ್ನದೊಂದನ್ನು ಬಿಟ್ಟು. ನಾನು ತಾಸಿನ ಲೆಕ್ಕದಲ್ಲಿ ಕನ್ನಡ ಕಲಿಸುವವಳು. ತಾಸಿನ ಲೆಕ್ಕದವರಿಗೆ ಸ್ಟಾಫ್ ರೂಮಿನಲ್ಲಿ ಕಪಾಟಿಲ್ಲ, ಗ್ಯಾದರಿಂಗಿನ ಫೋಟೋದಲ್ಲಿ ಕುರ್ಚಿಯಿಲ್ಲ. ಇನ್ನು ವ್ಯಕ್ತಿತ್ವ ಎಲ್ಲಿಂದ ಬರಬೇಕು? ‘ದೀಪಾಲಿ ಮೇಡಮ್, ಇದು ಪರ್ಮನೆಂಟ್ ಇದ್ದವರಿಗೆ ಅಷ್ಟ ಐತ್ರಿ’ ಎಂದು ಪ್ರಿನ್ಸಿಪಾಲರು ಹೇಳಿದಾಗ ನನ್ನ ಮೈ ಉರಿದದ್ದು ನಿಜ. ಆಮೇಲೆ ನಡೆದದ್ದನ್ನು ನೋಡಿದ ಮೇಲೆ, ಬಚಾವಾದೆ ಅನ್ನಿಸಿತು.

ಕಾಲೇಜು ರಾಯಬಾಗದಿಂದ ಮುಗಳಖೋಡಕ್ಕೆ ಹೋಗುವ ರಸ್ತೆಯ ಬದಿಗಿದೆ, ಸುತ್ತ ಕಬ್ಬು. ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೊರಟರೆ ಪಾಠ ನಿಲ್ಲಿಸಬೇಕು. ಸಂಸ್ಥೆಯ ಚೇರಮನ್ ಧರೆಪ್ಪ ಸಾವಕಾರರು ಬಂದರೂ ಪಾಠ ನಿಲ್ಲಿಸಬೇಕು. ಎರಡರಲ್ಲಿ ಟ್ರ್ಯಾಕ್ಟರೇ ಮೇಲು, ಬೇಗ ಮುಂದೆ ಹೋಗುತ್ತದೆ. ಸಾವಕಾರರು ಮಾತನಾಡುವುದಿಲ್ಲ, ಒದರುತ್ತಾರೆ. ಚಹ ಬೇಕೆಂದರೂ ಒದರುತ್ತಾರೆ, ಎದುರಿಗೆ ಬಂದವರಿಗೆ ನಮಸ್ಕಾರ ಅನ್ನುವುದನ್ನೂ ಒದರಿಯೇ ಅನ್ನುತ್ತಾರೆ. ಒದರುವುದು ಮುಗಿದ ಮೇಲೆ, ಯಾರೋ ಮಾಡಿದ ಕೆಲಸವನ್ನು ತಾವೇ ಮಾಡಿದ್ದೆಂದು ಹೇಳಿ ಹೋಗುತ್ತಾರೆ. ಮೂವತ್ತು ವರ್ಷದಿಂದ ಅವರೇ ಚೇರಮನ್ನರು.

ಇಂಥ ಸಾವಕಾರರು ಕೊಲ್ಲಾಪುರದ ಯಾವುದೋ ಲಗ್ನಕ್ಕೆ ಹೋದವರು, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಡಾಕ್ಟರ್ ನಿತಿನ ಎಂಬವರನ್ನು ಹಿಡಿದುಕೊಂಡು ಬಂದರು. ಸೂಜಿ ಚುಚ್ಚುವ ಡಾಕ್ಟರಲ್ಲ, ಪುಣೆಯ ಮನಃಶಾಸ್ತ್ರದ ಡಾಕ್ಟರು. ತಾಯಿಯ ತವರು ನಿಪ್ಪಾಣಿ ಆದ್ದರಿಂದ ಕನ್ನಡ ಬರುತ್ತಿತ್ತು, ನಡುನಡುವೆ ‘ಅಂದರೆ’ ಎಂಬರ್ಥದ ಮರಾಠಿ ‘ಮ್ಹಣಜೆ’ ಇಲ್ಲದಿದ್ದರೆ ಮಾತ್ರ ಮಾತು ಮುಂದೆ ಹೋಗುತ್ತಿರಲಿಲ್ಲ. ನಮ್ಮಲ್ಲಿ ಉಪಪ್ರಾಚಾರ್ಯರನ್ನು ಆರಿಸುವುದಿತ್ತು. ಮನುಷ್ಯರಲ್ಲಿಯ ಫರಕು ಯಾರಿಗೆ ಚೆನ್ನಾಗಿ ಕಾಣುತ್ತದೋ ಅವರನ್ನೇ ಆ ಕುರ್ಚಿಯಲ್ಲಿ ಕೂಡ್ರಿಸಬೇಕು, ಅದನ್ನು ಅಳೆಯುವ ಪರೀಕ್ಷೆ ತಮ್ಮ ಬಳಿ ಇದೆ ಎಂದು ಡಾಕ್ಟರರು ಜಿಲೇಬಿ ತಿನ್ನುತ್ತ ಹೇಳಿದ್ದರಂತೆ. ಸಾವಕಾರರು ಅಲ್ಲಿಯೇ ಕೈ ತೊಳೆದು ದಿನ ಗೊತ್ತು ಮಾಡಿದರು.

ಡಾಕ್ಟರರು ಬಂದು ಕಾಲೇಜಿನ ದೊಡ್ಡ ಹಾಲಿನಲ್ಲಿ ನಮಗೆಲ್ಲ ತಿಳಿಸಿ ಹೇಳಿದರು. ವ್ಯಕ್ತಿತ್ವ ಇಲ್ಲದ ನಾನೂ ಹಿಂದೆ ನಿಂತು ಕೇಳಿದೆ.

‘ನೋಡ್ರಿ, ಕಂಪ್ಯೂಟರಿನಾಗ ಖಾನೆ ಇರ್ತಾವು. ಒಂದು ಖಾನೆದಾಗ ನೀವು ಮೆಚ್ಚೂ ಹಿರಿಯಾರ ಹೆಸರು. ಒಂದರಾಗ ನಿಮ್ಮ ಗೆಳ್ಯಾಂದು. ಒಂದರಾಗ, ಮ್ಹಣಜೆ, ಏನ ಮಾಡಿದ್ರೂ ನಿಮಗ ಸೇರದ ಮನಷ್ಯಾಂದು. ಹಿಂಗ ಎಲ್ಲಾ ಖಾನೆ ತುಂಬಬೇಕು. ಆಮ್ಯಾಲ ಕಂಪ್ಯೂಟರ್ ಮೂರ ಮೂರ ಮಂದೀನ ನಿಮ್ಮ ಮುಂದ ಇಡತೈತಿ. ಇವರಾಗ ಇಬ್ಬರು ಯಾವುದರಾಗ ಒಂದ ಥರಾ, ಮೂರನೇದಾಂವ ಯಾವುದರಾಗ ಬ್ಯಾರೆ? ಅಷ್ಟ ಹೇಳಬೇಕು. ಕೆಲವರು ಎಲ್ಲಾರ್ನೂ ಒಂದs ಕೋಲಿಲೆ ಅಳೀತಾರ. ಅಂವಾ ನಮ್ಮಾಂವ, ಇಂವಾ ಅವರಾಂವ, ಮುಗೀತು. ಇನ್ನ ಕೆಲವರಿಗೆ ಒಬ್ಬೊಬ್ಬ ಮನಷ್ಯಾ ಒಂದೊಂದ ಥರಾ ಕಾಣಸ್ತಾನ. ಆ ಫರಕ ನಿಮಗ ಎಷ್ಟ ಬಾರೀಕ ಕಾಣಸತೈತಿ, ಅದನ್ನ ಅಳೀತೀವ್ರಿ.’

ಅಯ್ಯೋ ಪುಣ್ಯಾತ್ಮ, ಬಂದೂ ಬಂದೂ ಈ ಸೀಮೆಗೆ ಬಂದೆಯಾ ಅಂದುಕೊಂಡೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾರನ್ನೇ ಕೇಳಿ, ಇಲ್ಲಿ ಎರಡೇ ಥರದ ಮಂದಿ. ಸಕ್ಕರೆ ಕಾರಖಾನೆಯ ಇಲೆಕ್ಷನ್ನಿನಲ್ಲಿ ನಮ್ಮ ಪೆನಲ್ಲಿಗೆ ಇದ್ದವರು, ಆ ಪೆನಲ್ಲಿಗೆ ಇದ್ದವರು. ಅದೂ ಒಳಗೊಳಗೆ. ಬಾಯಿಬಿಟ್ಟು ಕೇಳಿದರೆ ಎಲ್ಲರೂ ಛಲೋ. ಹೆಣ್ಣು ಕೊಡುವ ಮುಂಚೆ ವರನ ಊರಿಗೆ ಚೌಕಶಿಗೆ ಹೋಗುತ್ತಾರಲ್ಲ, ಅಲ್ಲಿ ಸಿಗುವ ಉತ್ತರವೂ ಅದೊಂದೇ: ‘ಛಲೋ ಮಂದಿ ಅದಾರ್ರಿ.’ ಕುಡಿದು ಗಟಾರಿನಲ್ಲಿ ಬಿದ್ದವನೂ ಛಲೋ, ಅವನನ್ನು ಎತ್ತಿದವನೂ ಛಲೋ. ಬದುಕಿರುವ ಮನುಷ್ಯನ ಹೆಸರು ಹಿಡಿದು ಕೆಟ್ಟದ್ದು ಆಡಿದರೆ, ಆ ಮಾತು ನಿಮಗಿಂತ ಮೊದಲು ಕುಡಚಿ ಸ್ಟೇಷನ್ನು ಮುಟ್ಟಿರುತ್ತದೆ. ನನ್ನ ಅಥಣಿಯ ಅತ್ತೆಯವರು ನೆರೆಮನೆಯವರನ್ನು ಬೈಯುವಾಗಲೂ ರೇಡಿಯೋ ದೊಡ್ಡದು ಮಾಡುತ್ತಿದ್ದರು.

‘ಎಲ್ಲಾ ಗುಪ್ತ ಇರತೈತ್ರಿ’ ಎಂದರು ಡಾಕ್ಟರು. ಗುಪ್ತವಂತೆ! ಪರೀಕ್ಷೆ ನಡೆಯುವ ಕಂಪ್ಯೂಟರ್ ಲ್ಯಾಬು ಸಾವಕಾರರ ತಂಗಿಯ ಮಗನ ಕೈಯಲ್ಲಿ.

ಆ ದಿನ ಸ್ಟಾಫ್ ಮಂದಿಯ ಮುಖ ನೋಡುವ ಹಾಗಿರಲಿಲ್ಲ. ಮೆಚ್ಚಿನ ಹಿರಿಯರ ಖಾನೆಗೆ ಯಾರ ಹೆಸರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅಲ್ಲಿ ಧರೆಪ್ಪ ಸಾವಕಾರರು. ಆದರೆ ಸೇರದ ಮನುಷ್ಯ? ಆ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ. ಸಂಸ್ಥೆಯಲ್ಲಿ ಕೆಲಸ ಮಾಡಿದವರನ್ನೇ ಹಾಕಬೇಕೆಂದು ಬೇರೆ ನಿಯಮ. ಒಬ್ಬರ ಹೆಸರು ಹಾಕಿದರೆ ನಾಳೆಯಿಂದ ಅವರ ಪಕ್ಕಕ್ಕೇ ಕುಳಿತು ಬುತ್ತಿ ಬಿಚ್ಚಬೇಕಲ್ಲ.

ದಾರಿ ಹುಡುಕಿದವರು ಇತಿಹಾಸದ ಈಶ್ವರ ಸರ್. ಉಪಪ್ರಾಚಾರ್ಯರ ಕುರ್ಚಿಯ ಮೇಲೆ ಅವರ ಕಣ್ಣಿತ್ತು. ಗೇಟಿನ ಎದುರಿನ ಚಹದಂಗಡಿಯಲ್ಲಿ ಕುಳಿತು, ಯಾರಿಗೂ ಹೇಳಬೇಡಿ ಎಂದು ಒಬ್ಬರ ಕಿವಿಯಲ್ಲಿ ಹೇಳಿದರು. ‘ನಮ್ಮ ಭರಮಣ್ಣನ ಹೆಸರ ಹಾಕಿದ್ರ? ಸತ್ತಾಂವ ಬಂದು ಕೇಳ್ತಾನೇನ್ರಿ?’ ಸಂಜೆ ಬಸ್ಸು ಹತ್ತುವುದರೊಳಗೆ ಇಡೀ ಸ್ಟಾಫಿಗೆ ಆ ಗುಟ್ಟು ತಿಳಿದಿತ್ತು, ಪ್ರತಿಯೊಬ್ಬರಿಗೂ ಯಾರಿಗೂ ಹೇಳಬೇಡಿ ಎಂದೇ ತಿಳಿದಿತ್ತು.

ಹೆಸರು ಭರಮು, ಎಲ್ಲರ ಬಾಯಲ್ಲಿ ಭರಮಣ್ಣ. ನಮ್ಮ ಆಫೀಸಿನ ಕ್ಲಾರ್ಕು. ಸೈಕಲ್ ಮೇಲೆ ಬರುತ್ತಿದ್ದ. ಅವನ ಮಾತು ಕೇಳಬೇಕಾದರೆ ಕೌಂಟರಿನ ಕಿಂಡಿಯೊಳಗೆ ಕತ್ತು ಹಾಕಬೇಕು, ಅಷ್ಟು ಮೆತ್ತಗಿನ ದನಿ. ಮಾಸ್ತರ ಮಂದಿ ತಪ್ಪು ತುಂಬಿಕೊಟ್ಟ ಕಾಗದಗಳನ್ನು ತಿದ್ದಿ ಕಳಿಸುತ್ತಿದ್ದ, ಮೇಲಿನಿಂದ ಬೈಗುಳ ಬಂದರೆ ‘ನನ್ನ ಕಡಿಂದ ತಪ್ಪಾತ್ರಿ’ ಅನ್ನುತ್ತಿದ್ದ. ಹೋದ ವರ್ಷ ಎದೆ ಹಿಡಿದುಕೊಂಡು ಕೆಲಸದ ಕುರ್ಚಿಯಲ್ಲೇ ಹೋಗಿಬಿಟ್ಟ. ಅವನ ಮಗಳು ಸುಂದರಾಳನ್ನು ಅನುಕಂಪದ ಮೇಲೆ ಅದೇ ಕುರ್ಚಿಯಲ್ಲಿ ಟೆಂಪರರಿ ಕೂಡ್ರಿಸಿದ್ದರು. ಪರ್ಮನೆಂಟ್ ಆರ್ಡರು ಟೈಪಾಗಿ ಸಾವಕಾರರ ಸಹಿಗೆ ಕಾಯುತ್ತಿತ್ತು. ಆ ಸಹಿ ಬೀಳದಿದ್ದರೆ ಕೆಲಸ ಹೋಗುತ್ತದೆ, ಕಾಲೇಜಿನ ಕ್ವಾರ್ಟರ್ಸು ಬಿಡಬೇಕಾಗುತ್ತದೆ, ತಾಯಿ ಸಾವಿತ್ರೆವ್ವನನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕೆಂಬುದು ಆ ಹುಡುಗಿಗೆ ಗೊತ್ತಿರಲಿಲ್ಲ. ಇದು ಸ್ಟಾಫಿನವರಿಗೆಲ್ಲ ಗೊತ್ತಿತ್ತು. ಆದರೂ ಭರಮಣ್ಣನನ್ನೇ ಆರಿಸಿದರು.

ಪರೀಕ್ಷೆಯಲ್ಲಿ ಇನ್ನೊಂದು ಫಜೀತಿ ಎದುರಾಯಿತು. ಕಂಪ್ಯೂಟರು ಸಾವಕಾರರನ್ನೂ ಭರಮಣ್ಣನನ್ನೂ ಮುಂದಿಟ್ಟು ಫರಕು ಹೇಳು ಅನ್ನುತ್ತಿದೆ. ಭರಮಣ್ಣನ ಕೆಟ್ಟ ಗುಣ ಯಾವುದು? ತಲೆ ಕೆರೆದುಕೊಂಡರೂ ಒಂದೂ ಹೊಳೆಯದು. ಸಾವಕಾರರ ಒಳ್ಳೆಯ ಗುಣ ಯಾವುದು? ಅದೂ ಹೊಳೆಯದು. ಆಗ ಎಲ್ಲರೂ ಮಾಡಿದ್ದು ಒಂದೇ ಕೆಲಸ. ಸೇರದ ಮನುಷ್ಯನ ಖಾನೆಗೆ ಬಂದಾಗ, ನಿಜವಾಗಿ ಯಾರು ತಮಗೆ ಸೇರುವುದಿಲ್ಲವೋ ಅವರನ್ನು ನೆನೆಸಿಕೊಂಡು ಬರೆದರು. ಬೆರಳು ತಾನೇ ಓಡಿತು. ಮೆಚ್ಚಿನ ಹಿರಿಯರಿಗೆ ಗುಣಗಳು ಸಾಲದಾದಾಗ, ಭರಮಣ್ಣನವು ಬಳಕೆಯಾಗದೆ ಉಳಿದಿದ್ದವಲ್ಲ, ಅವನ್ನೇ ಎತ್ತಿ ಸಾವಕಾರರಿಗೆ ತೊಡಿಸಿದರು. ಇದನ್ನೆಲ್ಲ ಈಶ್ವರ ಸರ್ ತಾವಾಗಿಯೇ ನನಗೆ ಹೇಳಿದರು, ಲ್ಯಾಬಿನಿಂದ ಹೊರಬಂದು ಬೆವರು ಒರೆಸಿಕೊಳ್ಳುತ್ತ. ‘ಏನ ಹಗರ ಆತ್ರೀ ಮೇಡಮ್ ಎದಿ! ವರ್ಷಾ ವರ್ಷಾ ಇಡಬೇಕ್ರಿ ಈ ಪರೀಕ್ಷಾ.’

‘ಪಾಪ, ಭರಮಣ್ಣನ ತಲಿಗೆ ಕಟ್ಟಿದ್ರಲ್ರಿ?’ ಎಂದೆ.

‘ಸುಮ್ಮನಿರ್ರಿ ಮೇಡಮ್, ಇದೇನ ಯಾರಿಗೆ ಗೊತ್ತಾಗೂದೈತಿ?’

ಗೊತ್ತಾಯಿತು. ಮುಂದಿನ ಶನಿವಾರ ಬೆಳಿಗ್ಗೆ ಹಾಲಿನಲ್ಲಿ ಎಲ್ಲರನ್ನೂ ಕೂಡಿಸಿ ರಿಪೋರ್ಟು ಓದುವುದೆಂದಾಯಿತು. ವೇದಿಕೆಯ ನಡುವೆ ಸಾವಕಾರರು, ಪಕ್ಕಕ್ಕೆ ವ್ಹಾಯ್ಸ್ ಚೇರಮನ್ ಜಯಪಾಲ ಅವರು. ಜಯಪಾಲ ಅವರು ಜುಗೂಳದ ದೊಡ್ಡ ಒಕ್ಕಲುತನದವರು, ಜೈನರು, ಬಹಳ ಮಾತಿಲ್ಲ. ಕೆಳಗೆ ನಾವು. ನಡಾವಳಿ ಬರೆದುಕೊಳ್ಳಲು ಒಂದು ಮೂಲೆಯಲ್ಲಿ ಸುಂದರಾ ಕುಳಿತಿದ್ದಳು. ಆ ದಿನ ಆರ್ಡರಿಗೆ ಸಹಿ ಬೀಳುತ್ತದೆಂದು ಯಾರೋ ಹೇಳಿದ್ದರಿಂದ ತಲೆಗೆ ಅಬ್ಬಲಿಗೆ ಮುಡಿದಿದ್ದಳು.

ಡಾಕ್ಟರರು ಹಿಗ್ಗಿ ಹೀರೇಕಾಯಿಯಾಗಿದ್ದರು. ‘ಪುಣೆದಾಗ, ಮುಂಬೈದಾಗ, ದೊಡ್ಡ ದೊಡ್ಡ ಕಂಪನ್ಯಾಗ ಮಾಡೀನ್ರಿ ಈ ಪರೀಕ್ಷಾ. ಇಬ್ಬರ ಮನಷ್ಯಾರ ನಡುವ ಇಷ್ಟ ಫರಕ ಕಂಡವರು ನನಗ ಎಲ್ಲೂ ಸಿಕ್ಕಿಲ್ಲ. ಅದೂ, ಮ್ಹಣಜೆ, ಎಲ್ಲಾರಿಗೂ ಅದs ಫರಕ! ಮೊದಲ ಮೆಚ್ಚಿನ ಹಿರಿಯಾರ ಬಗ್ಗೆ ಏನ ಬರದಾರ ಕೇಳ್ರಿ. ಮೆತ್ತಗ ಮಾತಾಡ್ತಾರ. ಬ್ಯಾರೇದವರ ತಪ್ಪ ತಮ್ಮ ಮೈಮ್ಯಾಲ ಹಾಕ್ಕೋತಾರ. ಮಾಡಿದ ಉಪಕಾರಾ ಬಾಯಿಬಿಟ್ಟ ಹೇಳಂಗಿಲ್ಲ. ಇವರ ಹೆಸರು, ಸನ್ಮಾನ್ಯ ಧರೆಪ್ಪ ಸಾವಕಾರರು.’

ಚಪ್ಪಾಳೆ ಬಿತ್ತು. ಸಾವಕಾರರ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಂಬಬೇಕು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, ‘ಇಷ್ಟ ತಿಳಕೊಂಡೀರೇನ್ರೋ ನನ್ನ!’ ಎಂದು ಒದರಿದರು. ಮೈಕು ಕೀಂವ್ ಅಂದಿತು.

‘ಇನ್ನ ಸೇರದ ಮನಷ್ಯಾ’ ಎಂದರು ಡಾಕ್ಟರು. ‘ಇವರು ಒದರಾಡ್ತಾರ. ಕೈಗೆ ಸಿಕ್ಕಿದ್ದ ಒಗೀತಾರ. ಮಂದಿ ಮಾಡಿದ ಕೆಲಸಾ ತಾವು ಮಾಡೀವಂತ ಹೇಳ್ಕೋತಾರ. ಹೆಣ್ಣಮಕ್ಕಳ ಕೂಡ ಮಾತಾಡೂ ರೀತಿ ಗೊತ್ತಿಲ್ಲ. ಇವರ ಹೆಸರು, ಭರಮು. ನನ್ನ ಶಿಫಾರಸು ಏನಂದ್ರ, ಇವರಿಗೆ ಲಗೂನ ಕೌನ್ಸೆಲಿಂಗ್ ಕೊಡಬೇಕು, ಇಲ್ಲಾ ಬ್ಯಾರೆ ಕಡೆ ಬದ್ಲಿ ಮಾಡಬೇಕು.’

‘ಬದ್ಲಿ ಆಗೇತ್ರಿ’ ಎಂದರು ಜಯಪಾಲ ಅವರು. ‘ಸತ್ತ ವರ್ಷಾತು.’

ನಾನು ಸುಂದರಾಳ ಕಡೆ ನೋಡಿದೆ. ಅವಳ ಪೆನ್ನು ನಿಂತಿತ್ತು. ಮುಖ ಬಾಡಿ ಸಪ್ಪಗಾಗಿತ್ತು. ಒಬ್ಬ ಮಾಸ್ತರರೂ ಆ ಕಡೆ ಕತ್ತು ತಿರುಗಿಸಲಿಲ್ಲ. ಎಲ್ಲರೂ ನೆಲದ ಫರಸಿಯನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ಥೂ ನಿಮ್ಮ ಅಂದುಕೊಂಡೆ.

ಸಾವಕಾರರು ಎದ್ದು ನಿಂತರು. ತಮ್ಮದೇ ಗುಣಗಳ ಪಟ್ಟಿ ಕಿವಿಗೆ ಬಿದ್ದರೂ ಅವರಿಗೆ ಒಂದಿಷ್ಟೂ ಗುರುತು ಹತ್ತಲಿಲ್ಲ. ‘ಇಂಥಾ ಮನಷ್ಯಾ ನನ್ನ ಸಂಸ್ಥೆದಾಗ ಇದ್ದನಾ? ನಾ ಅವನ್ನ ಬಡಪಾಯಿ ಅಂತ ತಿಳಕೊಂಡಿದ್ದೆ! ಹೆಣ್ಣಮಕ್ಕಳ ಕೂಡ ಮಾತಾಡಾಕ ಬರೂದಿಲ್ಲಂದ್ರ ಅಂವಾ ಯಾವ ನಾಲಾಯಕ! ಎಲ್ಲೈತಿ ಆ ಆರ್ಡರ್? ತಗೀರಿ ಅತ್ತಾಗ. ಇಂಥಾವನ ಪೈಕಿ ಯಾರೂ ಬ್ಯಾಡ ನನಗ!’

‘ಅಪ್ಪಂದು ಅಪ್ಪಂಗಾತು. ಹುಡುಗಿ ಏನ ಮಾಡೇತ್ರಿ?’ ಎಂದರು ಜಯಪಾಲ ಅವರು.

ಸಾವಕಾರರು ಮತ್ತೆ ಕುರ್ಚಿಯಲ್ಲಿ ಕುಳಿತರು. ತಾವು ಮೆತ್ತಗಿನ ಮನುಷ್ಯ ಎಂದು ಈಗಷ್ಟೇ ಪುಣೆಯ ಕಂಪ್ಯೂಟರು ಹೇಳಿದೆ, ಹಾಗೆ ನಡೆದುಕೊಳ್ಳಬೇಕಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡರು. ‘ಆತು. ನಾ ಕ್ಷಮಾ ಮಾಡೂ ಮನಷ್ಯಾ. ಅಪ್ಪನ ಪರವಾಗಿ ಮಾಫಿಪತ್ರ ಬರೀಲಿ. ಅಂವಾ ಏನೇನ ಮಾಡ್ಯಾನ, ಎಲ್ಲಾ ಬರೀಲಿ. ಮಧ್ಯಾಹ್ನ ಎಲ್ಲಾರ ಮುಂದ ನಿಂತ ಓದಲಿ. ಓದಿದ ಕೂಡಲೆ ನಾ ಆರ್ಡರಿಗೆ ಸಹಿ ಹಾಕ್ತೀನಿ.’

ಮತ್ತೆ ಚಪ್ಪಾಳೆ ಬಿತ್ತು. ಈಶ್ವರ ಸರ್ ಎಲ್ಲರಿಗಿಂತ ಜೋರಾಗಿ ಹೊಡೆದರು.

ಸ್ಟಾಫ್ ರೂಮಿಗೆ ಬಂದ ಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. ‘ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಅಂವಾ ತಿದ್ದಿದ ಕಾಗದದ ಮ್ಯಾಲ ಪಗಾರ ಉಂಡವರು ನೀವು!’ ಎಂದು ಒಬ್ಬೊಬ್ಬರ ಮುಖಕ್ಕೆ ಹೇಳಿದೆ. ಬುತ್ತಿಯ ಡಬ್ಬಿಗಳು ತೆರೆದುಕೊಂಡವು. ನಾನೇ ಹೋಗಿ ಸಾವಕಾರರಿಗೆ ಹೇಳುತ್ತೇನೆ, ತಾಸಿನ ಲೆಕ್ಕದವಳು, ನನ್ನನ್ನು ಏನು ಕಿತ್ತುಹಾಕುತ್ತಾರೆ ಎಂದು ಹೊರಡುವಷ್ಟರಲ್ಲಿ ಸುಂದರಾ ಬಾಗಿಲಿಗೆ ಬಂದು ನಿಂತಳು. ಅತ್ತು ಮುಖ ತೊಳೆದುಕೊಂಡು ಬಂದಿದ್ದಳು.

‘ಈಶ್ವರ ಸರ್, ನಮ್ಮಪ್ಪ ನಿಮಗ ಏನ ಮಾಡಿದ್ದಾನ್ರಿ?’

ಈಶ್ವರ ಸರ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. ‘ಏನೂ ಮಾಡಿಲ್ಲವಾ. ಏನೂ ಮಾಡಿಲ್ಲಂತನs ಅವನ ಹೆಸರ ಬರದ್ವಿ.’

ಈ ಮಾತು ಕೇಳಿ ನನಗೆ ಅವರ ಡಬ್ಬಿ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಸುಂದರಾ ಮಾತ್ರ ದನಿ ಏರಿಸಲಿಲ್ಲ. ‘ಹಂಗಾದ್ರ ಬರದದ್ದೆಲ್ಲಾ ಯಾರದ್ರಿ? ಒಗದದ್ದು, ಒದರಿದ್ದು?’

ಈಶ್ವರ ಸರ್ ಕಿಟಕಿಯ ಹೊರಗೆ ಇಣುಕಿ ನೋಡಿದರು.

‘ಹೆಸರ ಹೇಳಬ್ಯಾಡ್ರಿ. ನಾ ಪತ್ರ ಬರೀಬೇಕಲ್ರಿ, ಏನೇನ ಮಾಡ್ಯಾನಂತ ಬರೀ ಅಂದಾರ. ನೀವು ಮನಸಿನಾಗ ಇಟಗೊಂಡ ಮನಷ್ಯಾ ಏನೇನ ಮಾಡ್ಯಾನ, ಅಷ್ಟ ಹೇಳ್ರಿ.’

ಹೆಸರು ಬೇಡ ಅಂದದ್ದೇ ತಡ, ಎಲ್ಲರ ಬಾಯಿ ಬಿಚ್ಚಿತು. ಒಬ್ಬರು ಎದ್ದು ಬಾಗಿಲು ಮುಂದೆ ಮಾಡಿದರು. ಅದಾಗಿತ್ತು ನೋಡವಾ, ಇದೂ ಆಗಿತ್ತು ನೋಡವಾ ಎಂದು ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು. ಈಶ್ವರ ಸರ್ ಊಟ ಮರೆತು ಕೈಯಾಡಿಸಿ ಅಭಿನಯ ಮಾಡಿ ತೋರಿಸಿದರು. ಸುಂದರಾ ಬರೆದುಕೊಂಡಳು. ನಾನು ಅವಳ ಪಕ್ಕಕ್ಕೆ ಹೋಗಿ, ‘ಇದನ್ನ ಓದಿದ್ರ ಏನಾಗತೈತಿ ಗೊತ್ತೈತಿಲ್ಲ?’ ಎಂದು ಮೆಲ್ಲಗೆ ಕೇಳಿದೆ.

‘ಕೆಲಸ ಹೋಗತೈತ್ರಿ ಮೇಡಮ್’ ಎಂದಳು. ‘ಓದಲಿಲ್ಲಂದ್ರೂ ಹೋಗತೈತಿ. ಓದಿದ್ರ ನಮ್ಮಪ್ಪನ ಹೆಸರಾದ್ರೂ ಉಳೀತೈತಿ. ನೀವ ಸುಮ್ಮ ಕುಂಡ್ರಿ, ನಡಕ ಮಾತಾಡಬ್ಯಾಡ್ರಿ.’

ಮಧ್ಯಾಹ್ನ ಮತ್ತೆ ಹಾಲು ತುಂಬಿತು. ಸಾವಕಾರರ ಮುಂದಿನ ಟೇಬಲ್ಲಿನ ಮೇಲೆ ಮೈಕಿನ ಪಕ್ಕಕ್ಕೆ ಆರ್ಡರು ಇಟ್ಟಿದ್ದರು, ಮೇಲೊಂದು ಪೇಪರ್‌ವೇಟು. ಗಂಡನ ಮೇಲಿನ ದೂರು ಕೇಳಲು ಬರಲಾರೆ ಎಂದು ಸಾವಿತ್ರೆವ್ವ ಹೊರಗಿನ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಸುಂದರಾ ವೇದಿಕೆಯ ಕೆಳಗಿದ್ದ ಇನ್ನೊಂದು ಮೈಕಿನ ಮುಂದೆ ನಿಂತಳು. ಅವಳಿಗೂ ಅಪ್ಪನದೇ ದನಿ, ಮೈಕು ಇದ್ದದ್ದು ಒಳ್ಳೆಯದಾಯಿತು.

‘ನನ್ನ ತಂದೆ ಭರಮು ಇವರ ಪರವಾಗಿ ನಾನು ಎಲ್ಲರ ಕ್ಷಮೆ ಕೇಳುತ್ತೇನೆ’ ಎಂದು ಓದತೊಡಗಿದಳು. ‘ನನ್ನ ತಂದೆಯವರು ದಿನಾಲೂ ಗೇಟಿನಿಂದಲೇ ಒದರುತ್ತ ಬರುತ್ತಿದ್ದರು. ಅದರಿಂದ ಪಾಠಗಳು ನಿಲ್ಲುತ್ತಿದ್ದವು. ಅದಕ್ಕೆ ಕ್ಷಮೆ ಇರಲಿ.’

‘ಛೇ, ಛೇ’ ಎಂದರು ಸಾವಕಾರರು, ಮರುಕದಿಂದ.

‘ಒಮ್ಮೆ ಚಿಕ್ಕೋಡಿ ರಸ್ತೆಯಲ್ಲಿ ಬಸ್ಸಿನ ಡ್ರೈವರು ಹಿಂದಿನಿಂದ ಹಾರ್ನ್ ಹೊಡೆದನೆಂದು, ನನ್ನ ತಂದೆಯವರು ತಮ್ಮ ಬಿಳಿ ಕಾರನ್ನು ಅಡ್ಡ ನಿಲ್ಲಿಸಿ, ಅವನನ್ನು ಕೆಳಗಿಳಿಸಿ ಕಿವಿ ಹಿಡಿಸಿದರು. ಅದಕ್ಕೆ ಕ್ಷಮೆ ಇರಲಿ.’

ಡಾಕ್ಟರ್ ನಿತಿನ ತಲೆ ಎತ್ತಿದರು. ‘ಕಾರ್ ಇತ್ತೇನ್ರಿ ಅವರದು?’

‘ಸೈಕಲ್ ಇತ್ರಿ’ ಎಂದಳು ಸುಂದರಾ. ‘ಆದ್ರ ನಿಮ್ಮ ರಿಪೋರ್ಟ್ ಸುಳ್ಳ ಹೇಳತೈತೇನ್ರಿ? ಈಶ್ವರ ಸರ್ ಆವತ್ತ ಅದs ಬಸ್ಸಿನಾಗ ಇದ್ರಂತ, ಕಣ್ಣಾರೆ ನೋಡ್ಯಾರಂತ. ಹೌದಿಲ್ರೀ ಸರ್?’

ಈಶ್ವರ ಸರ್ ಎದ್ದು ನಿಂತರು. ಇಲ್ಲ ಅನ್ನುವಂತಿಲ್ಲ, ಬೆಳಿಗ್ಗೆ ಅವರೇ ಜೋರು ಚಪ್ಪಾಳೆ ಹೊಡೆದವರು. ‘ಹೌ... ಹೌದ್ರಿ. ಭರಮಣ್ಣನs ಬಸ್ಸ ತರಬಿ ನಿಲ್ಲಿಸಿದಾಂವ್ರಿ.’

ಸಾವಕಾರರ ಹುಬ್ಬು ಗಂಟಾಯಿತು. ಬಸ್ಸಿನ ಈ ಕತೆಯನ್ನು ಅವರು ಮೂರು ತಾಲೂಕಿನ ಲಗ್ನಗಳಲ್ಲಿ ಹೇಳಿ ನಗಿಸಿದ್ದರು. ಕುರ್ಚಿಯಲ್ಲಿ ಮುಂದೆ ಸರಿದು ಕುಳಿತರು. ಸುಂದರಾ ಅವರತ್ತ ನೋಡದೆ ಮುಂದೆ ಓದಿದಳು.

‘ವಿಶ್ವವಿದ್ಯಾಲಯದ ಕಮಿಟಿ ಬಂದಾಗ, ಚಹ ಸಪ್ಪಗಾಯಿತೆಂದು ನನ್ನ ತಂದೆಯವರು ಕಪ್ಪನ್ನು ಗೋಡೆಗೆ ಒಗೆದರು. ಕಮಿಟಿಯವರು ಹೆದರಿ ಏನೂ ನೋಡದೆ ಸಹಿ ಮಾಡಿ ಹೋದರು. ಅದಕ್ಕೆ ಕ್ಷಮೆ ಇರಲಿ.’

‘ಏ, ಏ, ಏ! ತಡೀ ಹುಡುಗಿ!’ ಸಾವಕಾರರು ಕುರ್ಚಿ ಬಿಟ್ಟು ಎದ್ದರು. ‘ಏನ ಓದಾಕತ್ತಿ? ಕಪ್ಪ ಒಗದಾಂವ ಅಂವನಾ? ಒಬ್ಬ ಕ್ಲಾರ್ಕು, ಕಮಿಟಿ ಮುಂದ ಕಪ್ಪ ಒಗೀತಾನಾ? ಅಷ್ಟ ಧಮ್ಮ ಐತೇನ ಅವಂಗ? ಒಗದಾಂವ ನಾನು! ಬಸ್ಸ ತರಬಿದಾಂವನೂ ನಾನು! ಏ ಈಶ್ವರಾ, ಖೊಟ್ಟಿ ಸಾಕ್ಷಿ ಹೇಳ್ತಿಯೇನಲೇ?’

‘ಹೌದ್ರಿ, ತಾವs ತರಬಿದ್ರಿ’ ಎಂದರು ಈಶ್ವರ ಸರ್.

ಜಯಪಾಲ ಅವರು ಕೆಮ್ಮಿದರು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ. ನನಗಂತೂ ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು.

‘ಒಬ್ಬ ಮೇಡಮ್ ಅವರು ಬಾಣಂತನದ ರಜೆ ಕೇಳಲು ಹೋದಾಗ’ ಎಂದು ಸುಂದರಾ ಓದಿದಳು, ‘ನನ್ನ ತಂದೆಯವರು, ಬಸಿರಾಗೂ ಮೊದಲ ನನ್ನ ಕೇಳಿದ್ದಿಯೇನ ಎಂದು ಎಲ್ಲರ ಮುಂದೆ ಅಂದರು. ಆ ಮೇಡಮ್ ಕೆಲಸ ಬಿಟ್ಟು ಹೋದರು. ಅದಕ್ಕೆ ಕ್ಷಮೆ ಇರಲಿ.’

‘ಅದೂ ನಂದs!’ ಸಾವಕಾರರು ಟೇಬಲ್ಲು ಗುದ್ದಿದರು. ‘ಆ ಮಾತಿಗೆ ಇಡೀ ಆಫೀಸ ನಕ್ಕಿತ್ತು! ಅಂವಾ ಆಡ್ತಾನಾ ಅಂಥಾ ಮಾತು? ಬಾಯಾಗ ಬೆರಳಿಟ್ರ ಕಚ್ಚೂ ಮನಷ್ಯಾ ಅಲ್ಲ ಅಂವಾ! ನನ್ನ ಮುಂದ ನಿಂತ್ರ ಅವನ ಕೈಕಾಲ ನಡಗತಿದ್ದುವು. ಯಾವತ್ತೂ ದನಿ ಎತ್ತಿದಾಂವ ಅಲ್ಲ, ಯಾರಿಗೂ ಏನೂ ಅಂದಾಂವ ಅಲ್ಲ!’

ಇಡೀ ಸ್ಟಾಫು ಹೇಳಲು ಹೆದರಿದ ಮಾತನ್ನು ಸಾವಕಾರರೇ ಮೈಕಿನ ಮುಂದೆ ಒದರಿಬಿಟ್ಟರು. ಅದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತು. ಸುಂದರಾ ಕೊನೆಯ ಸಾಲು ಓದಿದಳು. ‘ಗ್ರಂಥಾಲಯ ಕಟ್ಟಿಸಿಕೊಟ್ಟವರು ಜಯಪಾಲ ಅವರು. ನನ್ನ ತಂದೆಯವರು ಕಲ್ಲಿನ ಮೇಲಿದ್ದ ಅವರ ಹೆಸರು ತೆಗೆಸಿ ತಮ್ಮ ಹೆಸರು ಕೆತ್ತಿಸಿದರು. ಅದಕ್ಕೆ...’

‘ಆ ಕಲ್ಲ ನಾ ಹಾಕಿಸೀನಿ!’ ಎಂದ ಸಾವಕಾರರ ಬಾಯಿ ಅಲ್ಲಿಯೇ ತೆರೆದುಕೊಂಡು ನಿಂತಿತು. ತಡವಾಗಿತ್ತು.

‘ಹಾಂ’ ಎಂದರು ಜಯಪಾಲ ಅವರು. ‘ಅದನ್ನ ಕೇಳಬೇಕಂತ ಬಾಳ ದಿವಸದಿಂದ ಅನಕೊಂಡಿದ್ದೆ. ಕಲ್ಲ ಕೂಡ್ರಿಸಿದ ಗೌಂಡೀದ ತಪ್ಪ ಅಂತ ಹೇಳಿದ್ರಿ ನೀವು.’

ಡಾಕ್ಟರ್ ನಿತಿನ ಲ್ಯಾಪ್‌ಟಾಪು ತೆರೆದು ಒಂದು ಸಲ ಸಾವಕಾರರನ್ನೂ ಒಂದು ಸಲ ಪರದೆಯನ್ನೂ ನೋಡುತ್ತಿದ್ದರು. ‘ಮ್ಹಣಜೆ... ಈ ಎರಡ ಖಾನೆ ಅದಲ ಬದಲ ಆಗ್ಯಾವೇನ್ರಿ?’ ಎಂದು ನಮ್ಮನ್ನೆಲ್ಲ ಕೇಳಿದರು.

‘ಕಂಪ್ಯೂಟರ್ ತಪ್ಪಿರಬೇಕ್ರಿ’ ಎಂದರು ಈಶ್ವರ ಸರ್.

ಸುಂದರಾ ವೇದಿಕೆ ಹತ್ತಿದಳು. ಮಾಫಿಪತ್ರವನ್ನು ಸಾವಕಾರರ ಮುಂದೆ, ಆರ್ಡರಿನ ಪಕ್ಕಕ್ಕೆ ಇಟ್ಟಳು. ‘ನಮ್ಮಪ್ಪ ಏನೂ ಮಾಡಿಲ್ಲಂತ ನೀವs ಅಂದ್ರಿ. ಹಂಗಾದ್ರ ಇದಕ್ಕ ನಾ ಹೆಂಗ ಸಹಿ ಮಾಡ್ಲಿ? ಮಾಡಿದವರs ಮಾಡಬೇಕಲ್ರಿ’ ಎಂದು ಪೆನ್ನು ಮುಂದೆ ಹಿಡಿದಳು.

ಸಾವಕಾರರು ಒದರಲು ಬಾಯಿ ತೆರೆದರು, ಎದುರಿಗೆ ಮೈಕಿತ್ತು, ಸುಮ್ಮನಾದರು. ಜಯಪಾಲ ಅವರು ಪೇಪರ್‌ವೇಟು ತೆಗೆದು ಎರಡೂ ಕಾಗದಗಳನ್ನು ಅವರ ಹತ್ತಿರ ಸರಿಸಿದರು. ‘ಧರೆಪ್ಪಣ್ಣ, ಓದಿದ ಕೂಡಲೆ ಸಹಿ ಹಾಕ್ತೀನಂತ ಎಲ್ಲಾರ ಮುಂದ ಅಂದೀರಿ. ಎರಡರಾಗ ಯಾವುದಕ್ಕ ಹಾಕ್ತೀರಿ ಹಾಕ್ರಿ. ಒಂದಕ್ಕ ಹಾಕಾಕ ಬೇಕು.’

ಸಾವಕಾರರು ಆರ್ಡರಿಗೆ ಸಹಿ ಹಾಕಿದರು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ಗೇಟು ದಾಟುವವರೆಗೂ ಅವರ ದನಿ ಕೇಳಿಸಲಿಲ್ಲ. ಸ್ಟಾಫು ಎದ್ದು ಚಪ್ಪಾಳೆ ಹೊಡೆಯಿತು, ಯಾರಿಗೆ ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಸುಂದರಾ ಆರ್ಡರನ್ನು ಮಡಚಿಕೊಂಡು ಹೊರಗೆ ಬಂದಳು. ನಾನೂ ಬೆನ್ನಿಗೆ ಹೋದೆ. ಕಟ್ಟೆಯ ಮೇಲೆ ಸಾವಿತ್ರೆವ್ವ ಮೊಣಕಾಲಿಗೆ ಕೈ ಕಟ್ಟಿಕೊಂಡು ಕುಳಿತಿದ್ದಳು. ಮಗಳು ಹತ್ತಿರ ಹೋಗಿ ಆರ್ಡರು ತೋರಿಸಲಿಲ್ಲ, ಕೆಲಸದ ಮಾತೂ ಎತ್ತಲಿಲ್ಲ. ಅವಳ ಪಕ್ಕಕ್ಕೆ ಕುಸಿದು ಕುಳಿತು ಗಳಗಳ ಅತ್ತಳು. ‘ಅವ್ವಾ, ಆ ಮನಷ್ಯಾ ಅಪ್ಪ ಅಲ್ಲಂತ ಬೇ. ಎಲ್ಲಾರ ಮುಂದ ಹೇಳಿದ್ರು. ಅಪ್ಪ ಅಲ್ಲಂತ.’

ಸಾವಿತ್ರೆವ್ವ ಮಗಳ ತಲೆ ಸವರಿದಳು. ಆಮೇಲೆ ನನ್ನನ್ನೂ ಹಾಲಿನಿಂದ ಹೊರಬರುತ್ತಿದ್ದ ಮಾಸ್ತರರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

‘ಅಷ್ಟ ತಿಳ್ಯಾಕ ಪುಣೆದಿಂದ ಮಂದಿ ಬರಬೇಕಾತೇನ್ರಿ?’ ಎಂದಳು.